ಫೆಲಿಕ್ಸ್ ಡಿ ಹೆರೆಲ್: ಬ್ಯಾಕ್ಟೀರಿಯಾಗಳ ಶತ್ರುವನ್ನು ಗುರುತಿಸಿದ ವಿಜ್ಞಾನಿ

ಸೂಕ್ಷ್ಮಜೀವಿಗಳ ಪಾಠ ಮಾಡುವಾಗ ನಾವು ಪಾಶ್ಚರ್, ಜೆನ್ನರ್, ಫ್ಲೆಮಿಂಗ್ ಅವರನ್ನು ತಪ್ಪದೆ ನೆನೆಯುತ್ತೇವೆ. ಆದರೆ ನಮಗೆ ರೋಗ ತರುವ ಬ್ಯಾಕ್ಟೀರಿಯಾಗಳಿಗೂ ರೋಗ ಬರುತ್ತದೆಯೇ? ಬೀದರ, ಭಾಲ್ಕಿ, ಔರಾದ ಎಲ್ಲಿಯ ತರಗತಿಯಲ್ಲಾದರೂ ಒಬ್ಬ ವಿದ್ಯಾರ್ಥಿ ಎದ್ದು ಹೀಗೆ ಕೇಳಬಹುದು. ಇದಕ್ಕೆ ಉತ್ತರ ಹುಡುಕುತ್ತ ಬದುಕು ಸವೆಸಿದವರು ಫೆಲಿಕ್ಸ್ ಡಿ ಹೆರೆಲ್.

ಡಿ ಹೆರೆಲ್ 1873ರಲ್ಲಿ ಜನಿಸಿದರು. ಸೂಕ್ಷ್ಮಜೀವಿ ವಿಜ್ಞಾನವನ್ನು ಅವರು ಯಾವ ಕಾಲೇಜಿನಲ್ಲೂ ಕ್ರಮವಾಗಿ ಓದಲಿಲ್ಲ. ಪುಸ್ತಕಗಳಿಂದ ಮತ್ತು ಮನೆಯ ಪ್ರಯೋಗಗಳಿಂದ ತಾವೇ ಕಲಿತರು. ಗ್ವಾಟೆಮಾಲಾ ಮತ್ತು ಮೆಕ್ಸಿಕೊದಲ್ಲಿ ಕೆಲಸ ಮಾಡಿದರು. ಮೆಕ್ಸಿಕೊದಲ್ಲಿ ಮಿಡತೆಗಳು ಕಾಯಿಲೆಯಿಂದ ಸಾಯುವುದನ್ನು ಕಂಡು, ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಮುಂದೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದರು.

1915ರಲ್ಲಿ ಫ್ರೆಂಚ್ ಸೈನಿಕರಲ್ಲಿ ಆಮಶಂಕೆ ಹರಡಿತು. ಡಿ ಹೆರೆಲ್ ರೋಗಿಗಳ ಮಲವನ್ನು ದ್ರವದಲ್ಲಿ ಕಲಸಿ, ಬ್ಯಾಕ್ಟೀರಿಯಾ ದಾಟಲಾರದಷ್ಟು ಸಣ್ಣ ರಂಧ್ರಗಳ ಸೋಸುಕದಲ್ಲಿ ಸೋಸಿದರು. ಸೋಸಿ ಬಂದ ದ್ರವವನ್ನು ಆಮಶಂಕೆಯ ಬ್ಯಾಕ್ಟೀರಿಯಾ ಬೆಳೆದು ಮಬ್ಬಾಗಿದ್ದ ನಳಿಕೆಗೆ ಹಾಕಿದಾಗ, ಅದು ಒಂದು ರಾತ್ರಿಯಲ್ಲಿ ತಿಳಿಯಾಯಿತು. ಆ ತಿಳಿದ್ರವದ ಒಂದು ಹನಿ ಮತ್ತೊಂದು ನಳಿಕೆಯನ್ನೂ ತಿಳಿಯಾಗಿಸಿತು. ಹೀಗೆ ನಳಿಕೆಯಿಂದ ನಳಿಕೆಗೆ ಸಾಗಿಸಿದರೂ ಶಕ್ತಿ ಕುಂದಲಿಲ್ಲ. ಅದು ಬರೀ ವಿಷವಾಗಿದ್ದರೆ ತೆಳುವಾಗುತ್ತ ಹೋಗಬೇಕಿತ್ತು. ತಟ್ಟೆಯ ಮೇಲೆ ಬೆಳೆಸಿದ ಬ್ಯಾಕ್ಟೀರಿಯಾ ಪದರದಲ್ಲಿ ಬಿಡಿಬಿಡಿಯಾದ ಖಾಲಿ ಚುಕ್ಕೆಗಳು ಕಂಡವು. ದ್ರವವನ್ನು ತೆಳುಗೊಳಿಸಿದಷ್ಟೂ ಚುಕ್ಕೆಗಳ ಸಂಖ್ಯೆ ಕಡಿಮೆಯಾಯಿತು. ಆದ್ದರಿಂದ ಒಂದೊಂದು ಚುಕ್ಕೆಯೂ ಒಂದು ಕಣದಿಂದ ಶುರುವಾಗಿದೆ, ಆ ಕಣ ಬ್ಯಾಕ್ಟೀರಿಯಾದಲ್ಲೇ ವೃದ್ಧಿಯಾಗುವ ವೈರಸ್ ಎಂದು ಅವರು ತರ್ಕಿಸಿದರು. 1917ರಲ್ಲಿ ಅದಕ್ಕೆ ಬ್ಯಾಕ್ಟೀರಿಯೊಫೇಜ್, ಅಂದರೆ ಬ್ಯಾಕ್ಟೀರಿಯಾಭಕ್ಷಕ ಎಂದು ಹೆಸರಿಟ್ಟರು. ಬ್ರಿಟನ್ನಿನ ಫ್ರೆಡರಿಕ್ ಟ್ವೋರ್ಟ್ 1915ರಲ್ಲೇ ಇಂಥದೇ ಒಂದು ವರದಿ ಪ್ರಕಟಿಸಿದ್ದರು. ನೊಬೆಲ್ ಪಡೆದಿದ್ದ ಜೂಲ್ಸ್ ಬೋರ್ಡೆ ಅವರಂತೂ ಅದು ವೈರಸ್ಸೇ ಅಲ್ಲ ಎಂದು ವಾದಿಸಿದರು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫೇಜ್ ಕಾಣಿಸಿದ್ದು 1940ರಲ್ಲಿ. ಆಗ ಡಿ ಹೆರೆಲ್ ಅವರ ಮಾತು ನಿಜವಾಯಿತು.

ಫೇಜನ್ನೇ ಔಷಧಿಯಾಗಿ ಬಳಸಬೇಕೆಂಬುದು ಅವರ ಹಂಬಲ. 1919ರಲ್ಲಿ ಅದನ್ನು ಮೊದಲು ತಾವೇ ಕುಡಿದು, ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಆಮಶಂಕೆಯಿಂದ ಬಳಲುತ್ತಿದ್ದ ಬಾಲಕನಿಗೆ ಕೊಡಿಸಿದರು. ಆತ ಗುಣವಾದ. 1927ರ ಸುಮಾರಿಗೆ ಭಾರತಕ್ಕೆ ಬಂದು, ಪಂಜಾಬಿನ ಹಳ್ಳಿಗಳಲ್ಲಿ ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟರು. ಕುಡಿಯುವ ನೀರಿನ ಬಾವಿಗಳಿಗೂ ಅದನ್ನು ಹಾಕಿಸಿದರು. ನಂತರ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಂದ ಗೆಳೆಯ ಜಾರ್ಜ್ ಎಲಿಯಾವ ಅವರ ಜತೆ ದುಡಿಯಲು ಜಾರ್ಜಿಯಾದ ಟಿಬಿಲಿಸಿಗೆ ಹೋದರು. 1937ರಲ್ಲಿ ಸ್ಟಾಲಿನ್ ಆಡಳಿತ ಎಲಿಯಾವ ಅವರನ್ನು ಕೊಂದಿತು. ಪೆನಿಸಿಲಿನ್ ಬಂದ ಮೇಲೆ ಪಶ್ಚಿಮದ ದೇಶಗಳಲ್ಲಿ ಫೇಜ್ ಚಿಕಿತ್ಸೆ ಮೂಲೆ ಸೇರಿತು. ಹಲವು ಬಾರಿ ನೊಬೆಲ್‌ಗೆ ಹೆಸರು ಸೂಚಿತವಾದರೂ ಪ್ರಶಸ್ತಿ ದಕ್ಕಲಿಲ್ಲ. 1949ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಅವರು ಗಮನಿಸಿದ ಇನ್ನೊಂದು ಸಂಗತಿ ನಮ್ಮ ಪಾಠಕ್ಕೆ ಬಹಳ ಮುಖ್ಯ. ತಿಳಿಯಾದ ನಳಿಕೆಯನ್ನು ಹಾಗೇ ಇಟ್ಟರೆ ಕೆಲವೊಮ್ಮೆ ಮತ್ತೆ ಮಬ್ಬಾಗುತ್ತಿತ್ತು. ಈ ಸಲ ಬೆಳೆದ ಬ್ಯಾಕ್ಟೀರಿಯಾಗಳನ್ನು ಅದೇ ಫೇಜ್ ಏನೂ ಮಾಡಲಾಗುತ್ತಿರಲಿಲ್ಲ. ಫೇಜ್‌ನ ದಾಳಿಯಿಂದಲೇ ಅವು ಈ ರಕ್ಷಣೆ ಗಳಿಸಿಕೊಂಡಿವೆ ಎಂದು ಡಿ ಹೆರೆಲ್ ನಂಬಿದರು. 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಬೇರೆಯದನ್ನೇ ತೋರಿಸಿದರು. ಅವರು ಪರೀಕ್ಷಿಸಿದ ಬ್ಯಾಕ್ಟೀರಿಯಾಗಳಲ್ಲಿ ಕೆಲವು, ಫೇಜ್ ಎದುರಾಗುವ ಮೊದಲೇ ಆಕಸ್ಮಿಕ ಉತ್ಪರಿವರ್ತನೆಯಿಂದ ನಿರೋಧಕವಾಗಿದ್ದವು. ಫೇಜ್ ಉಳಿದವನ್ನು ಕೊಂದು ಇವನ್ನು ಬಿಟ್ಟಿತ್ತು, ಅಷ್ಟೆ. ಡಿ ಹೆರೆಲ್ ಅವರ ಊಹೆ ಬಿದ್ದುಹೋಯಿತೆಂದೇ ಎಲ್ಲರೂ ತಿಳಿದರು.

2007ರಲ್ಲಿ ಕಥೆ ಮತ್ತೆ ತಿರುಗಿತು. ಯೋಗರ್ಟ್, ಚೀಸ್ ತಯಾರಿಸುವ ಕಾರ್ಖಾನೆಗಳಿಗೆ ಫೇಜ್ ದೊಡ್ಡ ಪೀಡೆ. ಹೆಪ್ಪಿನ ಬ್ಯಾಕ್ಟೀರಿಯಾ ಸತ್ತರೆ ಹಾಲು ಹೆಪ್ಪುಗಟ್ಟುವುದಿಲ್ಲ. ಡ್ಯಾನಿಸ್ಕೊ ಕಂಪನಿಯ ಬರಾಂಗು, ಹೋರ್ವಾತ್ ಮತ್ತು ಸಂಗಡಿಗರು ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಎಂಬ ಹೆಪ್ಪಿನ ಬ್ಯಾಕ್ಟೀರಿಯಾದ ಮೇಲೆ ಫೇಜ್ ಬಿಟ್ಟು, ಬದುಕುಳಿದವುಗಳ ಡಿಎನ್‌ಎ ಓದಿದರು. ಅದರ ಕ್ರಿಸ್ಪರ್ ಎಂಬ ಭಾಗದಲ್ಲಿ ಅದೇ ಫೇಜ್‌ನ ಡಿಎನ್‌ಎ ತುಣುಕುಗಳು ಹೊಸದಾಗಿ ಸೇರಿದ್ದವು. ಆ ತುಣುಕನ್ನು ತೆಗೆದರೆ ರಕ್ಷಣೆ ಹೋಗುತ್ತಿತ್ತು, ಸೇರಿಸಿದರೆ ಬರುತ್ತಿತ್ತು.

ಇದನ್ನು ಕಿರಾಣಿ ಅಂಗಡಿಯ ಖಾತೆ ಪುಸ್ತಕಕ್ಕೆ ಹೋಲಿಸಿ ಹೇಳಬಹುದು. ದಾಳಿ ಮಾಡಿದ ಫೇಜ್‌ನ ಒಂದು ತುಣುಕು ಖಾತೆಗೆ ಏರುತ್ತದೆ. ಆ ನಮೂದಿನಿಂದ ಆರ್‌ಎನ್‌ಎ ನಕಲು ತಯಾರಾಗುತ್ತದೆ. ಅದೇ ಫೇಜ್ ಮತ್ತೆ ಬಂದರೆ ನಕಲು ಅದನ್ನು ಗುರುತಿಸುತ್ತದೆ, ಕ್ಯಾಸ್ ಪ್ರೋಟೀನು ಅದರ ಡಿಎನ್‌ಎ ಕತ್ತರಿಸುತ್ತದೆ. ಕೋಶ ಒಡೆದು ಎರಡಾದಾಗ ಖಾತೆ ಎರಡಕ್ಕೂ ಸಿಗುತ್ತದೆ. ಹೋಲಿಕೆಯ ಮಿತಿಯನ್ನೂ ಹೇಳಬೇಕು: ಇಲ್ಲಿ ಬರೆಯುವವರು, ಓದುವವರು ಯಾರೂ ಇಲ್ಲ, ಎಲ್ಲವೂ ಅಣುಗಳ ಕೆಲಸ. ಫೇಜ್‌ನ ಡಿಎನ್‌ಎಯಲ್ಲಿ ಒಂದು ಅಕ್ಷರ ಬದಲಾದರೂ ಅದು ತಪ್ಪಿಸಿಕೊಳ್ಳಬಹುದು.

ತರಗತಿಯಲ್ಲಿ ನಿರೋಧಕತೆ ಬಂದಾಗ ನಾವು ಕಪ್ಪುಹಲಗೆಯ ಮೇಲೆ ಒಂದೇ ವಾಕ್ಯ ಬರೆದು ಮುಗಿಸುತ್ತೇವೆ. ಬ್ಯಾಕ್ಟೀರಿಯಾ ಫೇಜ್‌ನಿಂದ ಉಳಿಯಲು ಕನಿಷ್ಠ ಎರಡು ದಾರಿಗಳಿವೆ ಎಂದು ಬರೆಯುವುದು ಸರಿ. ಒಂದು, ಮೊದಲೇ ಇದ್ದ ಉತ್ಪರಿವರ್ತನೆಯ ಆಯ್ಕೆ. ಇನ್ನೊಂದು, ದಾಳಿಯ ನಂತರ ಗಳಿಸಿದ ರಕ್ಷಣೆ. ಡಿ ಹೆರೆಲ್ ಅವರ ನಳಿಕೆಗಳಲ್ಲಿ ನಡೆದದ್ದು ಕ್ರಿಸ್ಪರ್ ಎಂದು ಹೇಳಿದರೆ ಅತಿಯಾದೀತು. ಆದರೆ ಬ್ಯಾಕ್ಟೀರಿಯಾ ದಾಳಿಯಿಂದ ರಕ್ಷಣೆ ಗಳಿಸಬಲ್ಲದು ಎಂಬ ಊಹೆಯನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ಮಬ್ಬು ನಳಿಕೆಯ ಚಿತ್ರ ಬಿಡಿಸಿ, ಕಾರಣ ಏನಿರಬಹುದೆಂದು ಮೊದಲು ಮಕ್ಕಳಿಂದಲೇ ಊಹೆ ಪಡೆದು, ಪ್ರತಿ ಊಹೆಯನ್ನೂ ಹೇಗೆ ಪರೀಕ್ಷಿಸಬಹುದೆಂದು ಕೇಳಿದರೆ ಒಂದು ಅವಧಿಯ ಪಾಠಕ್ಕೆ ಅಷ್ಟು ಸಾಕು.