ಅಧ್ಯಾತ್ಮಕವಿ ಬನಾರಸೀದಾಸರು

ಮನದ ಕಳವಳವನ್ನು ಮರೆಮಾಚದೆ, ಅದನ್ನೇ ವಿಚಾರಕ್ಕೆ ಒಡ್ಡಿ ಧರ್ಮದ ಮರ್ಮವನ್ನು ಅರಸಿದ ಶ್ರಾವಕರಲ್ಲಿ ಆಗ್ರಾದ ಕವಿವರ ಬನಾರಸೀದಾಸರ ಹೆಸರು ಚಿರಸ್ಮರಣೀಯವಾದುದು. ಅವರು ಮುನಿಗಳಲ್ಲ, ಆಚಾರ್ಯರಲ್ಲ. ಲಾಭನಷ್ಟಗಳ ನಡುವೆ ಬಾಳಿದ ಗೃಹಸ್ಥ ವರ್ತಕರು.

ವಿಕ್ರಮ ಸಂವತ್ 1643ರ ಮಾಘ ಮಾಸದಲ್ಲಿ (ಕ್ರಿ.ಶ. 1586-87) ಉತ್ತರ ಭಾರತದ ಜೌನಪುರದ ಶ್ವೇತಾಂಬರ ಶ್ರೀಮಾಲ ಮನೆತನದಲ್ಲಿ ಅವರು ಜನಿಸಿದರು. ತಂದೆ ಖರಗಸೇನರು. ಶಿಶುವಿಗೆ ಮೊದಲು ಇಟ್ಟ ಹೆಸರು ವಿಕ್ರಮಾಜೀತ. ಭಗವಾನ್ ಪಾರ್ಶ್ವನಾಥರ ಜನ್ಮಕ್ಷೇತ್ರವಾದ ವಾರಾಣಸಿಗೆ ಕರೆದೊಯ್ದಾಗ ಬನಾರಸೀ ಎಂಬ ಹೆಸರಾಯಿತು.

ಯೌವನದಲ್ಲಿ ಅವರ ಚಿತ್ತ ಶೃಂಗಾರ ಕಾವ್ಯದತ್ತ ಹರಿಯಿತು. ಧನದಾಸೆಯಿಂದ ಸನ್ಯಾಸಿಯೊಬ್ಬನ ಮಂತ್ರವನ್ನು ವರ್ಷವಿಡೀ ಜಪಿಸಿ ಮೋಸಹೋದರು. ಮತ್ತೊಬ್ಬ ಯೋಗಿಯಿತ್ತ ಶಂಖವನ್ನು ಗುಟ್ಟಾಗಿ ಪೂಜಿಸತೊಡಗಿದರು. 1605ರಲ್ಲಿ ಅಕ್ಬರ್ ಬಾದಶಹನು ಮರಣ ಹೊಂದಿದ ವಾರ್ತೆ ಜೌನಪುರವನ್ನು ಮುಟ್ಟಿತು. ಅಂಗಡಿಗಳು ಮುಚ್ಚಿದವು, ಜನರು ಒಡವೆಗಳನ್ನು ಹೂಳಿಟ್ಟು ಒರಟು ಬಟ್ಟೆಯುಟ್ಟರು. ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸೀದಾಸರು ಸುದ್ದಿ ಕೇಳಿದೊಡನೆ ಮೂರ್ಛಿತರಾಗಿ ಉರುಳಿಬಿದ್ದರು. ತಲೆಯೊಡೆದು ರಕ್ತ ಹರಿಯಿತು. ಜಹಾಂಗೀರನು ಪಟ್ಟವೇರಿದನೆಂದು ತಿಳಿದು ಊರು ಶಾಂತವಾಯಿತು. ಆದರೆ ಅವರ ಮನದಲ್ಲಿ ಪ್ರಶ್ನೆಯೊಂದು ಉಳಿಯಿತು: ತಾನು ಬಿದ್ದಾಗ ಆ ಪೂಜೆ ತನಗೆ ಏಕೆ ಆಸರೆಯಾಗಲಿಲ್ಲ? ಶಂಖಪೂಜೆ ನಿಂತಿತು. ತಾವೇ ರಚಿಸಿದ ಶೃಂಗಾರ ಗ್ರಂಥವನ್ನು ಗೋಮತೀ ನದಿಗೆ ಅರ್ಪಿಸಿ ಜಿನಪೂಜೆ, ವ್ರತನಿಯಮಗಳತ್ತ ತಿರುಗಿದರು.

ಬಳಿಕ ವ್ಯಾಪಾರಕ್ಕೆಂದು ಆಗ್ರಾ ಸೇರಿ ಬಂಡವಾಳವನ್ನೆಲ್ಲ ಕಳೆದುಕೊಂಡರು. ಕಚೋರಿ ಮಾರುವವನೊಬ್ಬನು ತಿಂಗಳುಗಟ್ಟಲೆ ಸಾಲದಲ್ಲೇ ಉಣಿಸಿ ಅವರನ್ನು ಕಾಪಾಡಿದನು. ಸಂವತ್ 1680ರಲ್ಲಿ (1623) ಅರ್ಥಮಲ್ಲರೆಂಬುವರು ಶ್ರೀ ಕುಂದಕುಂದಾಚಾರ್ಯರ ಸಮಯಸಾರಕ್ಕೆ ರಾಜಮಲ್ಲರು ಬರೆದ ಭಾಷಾಟೀಕೆಯನ್ನು ಅವರಿಗಿತ್ತರು. ಆತ್ಮನೊಬ್ಬನೇ ಸತ್ಯವೆಂಬ ನಿಶ್ಚಯದೃಷ್ಟಿಯನ್ನು ಓದಿದ ಕವಿಗೆ ಕ್ರಿಯೆಯೆಲ್ಲ ನಿಸ್ಸಾರವೆಂದು ತೋರಿತು. ಪೂಜೆ, ಸಾಮಾಯಿಕ, ಪ್ರತಿಕ್ರಮಣಗಳು ಬಿಟ್ಟುಹೋದವು; ಮಿತ್ರರೊಡನೆ ಕೋಣೆಯಲ್ಲಿ ದಿಗಂಬರರಾಗಿ ಮುನಿಗಳೆಂದು ನಟಿಸುವ ಹಾಸ್ಯಕ್ಕೂ ಇಳಿದರು. ಜನರ ನಿಂದೆ ಹೆಚ್ಚಿತು. ಹಳೆಯ ಆಸರೆ ಜಾರಿತ್ತು. ಹೊಸ ನೆಲೆ ಸಿಕ್ಕಿರಲಿಲ್ಲ.

ಹೀಗೆ ಹನ್ನೆರಡು ವರ್ಷಗಳು ಸಂದವು. ಸಂವತ್ 1692ರಲ್ಲಿ (1635) ಪಂಡಿತ ರೂಪಚಂದ್ರರು ಆಗ್ರಾಕ್ಕೆ ಬಂದು ಗೊಮ್ಮಟಸಾರವನ್ನು ವಾಚಿಸಿದರು. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನ ನಿಮಿತ್ತ ಶ್ರೀ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಮಹಾಗ್ರಂಥವದು. ಕನ್ನಡನಾಡಿನ ಆ ಜ್ಞಾನಜ್ಯೋತಿ ಆರು ಶತಮಾನಗಳ ಅನಂತರ ಯಮುನಾತೀರದಲ್ಲಿ ಒಬ್ಬ ಕವಿಯ ಕತ್ತಲೆಯನ್ನು ಕಳೆಯಿತು. ಹದಿನಾಲ್ಕು ಗುಣಸ್ಥಾನಗಳ ಕ್ರಮವನ್ನು ಕೇಳಿದಾಗ, ಜೀವನು ಯಾವ ಮೆಟ್ಟಿಲಲ್ಲಿರುವನೋ ಆ ಮೆಟ್ಟಿಲಿಗೆ ತಕ್ಕ ಆಚರಣೆಯಿದೆಯೆಂದೂ, ನಿಶ್ಚಯ ವ್ಯವಹಾರಗಳು ಪರಸ್ಪರ ವಿರೋಧಿಗಳಲ್ಲವೆಂದೂ ಅವರಿಗೆ ಮನದಟ್ಟಾಯಿತು. ಸಂಶಯ ಶಮಿಸಿತು. ಮರುವರ್ಷವೇ, 1636ರಲ್ಲಿ, ಸಮಯಸಾರ ನಾಟಕವೆಂಬ ಅವರ ಮೇರುಕೃತಿ ಪೂರ್ಣಗೊಂಡಿತು.

ಆದರೆ ದುಃಖ ಅವರನ್ನು ಬಿಡಲಿಲ್ಲ. ಮೂವರು ಪತ್ನಿಯರಲ್ಲಿ ಹುಟ್ಟಿದ ಒಂಬತ್ತು ಮಕ್ಕಳೂ ತೀರಿಕೊಂಡರು. ಕೊನೆಯ ಮಗನನ್ನು ಕಳೆದುಕೊಂಡದ್ದು ಗ್ರಂಥ ಮುಗಿದ ಅನಂತರ. ಮೋಹ ಅವರನ್ನು ಮತ್ತೆ ಕಾಡಿತು. 1641ರಲ್ಲಿ, 55ನೆಯ ವಯಸ್ಸಿನಲ್ಲಿ, ತಮ್ಮ ಬಾಳನ್ನು ಅರ್ಧಕಥಾನಕವೆಂಬ ಪದ್ಯಗ್ರಂಥವಾಗಿ ಬರೆದರು. ಮನುಷ್ಯಾಯುಷ್ಯವನ್ನು 110 ವರ್ಷವೆಂದೆಣಿಸಿ ಅದನ್ನು ಅರ್ಧಕಥೆಯೆಂದು ಕರೆದರು. ಭಾರತೀಯ ಸಾಹಿತ್ಯದ ಅತಿ ಹಿಂದಿನ ಆತ್ಮಚರಿತ್ರೆಗಳಲ್ಲಿ ಅದೂ ಒಂದು. ಅದರ ಕೊನೆಯಲ್ಲಿ ತಮ್ಮ ಗುಣಗಳೊಡನೆ ದೋಷಗಳನ್ನೂ ಎಣಿಸುತ್ತ, ಅಕಸ್ಮಾತ್ ಭಯವು ಈಗಲೂ ತಮ್ಮನ್ನು ಆವರಿಸುವುದೆಂದು ಒಪ್ಪಿಕೊಂಡಿದ್ದಾರೆ. ಸಮ್ಯಗ್ದೃಷ್ಟಿಗೆ ಸಪ್ತಭಯಗಳಿಲ್ಲವೆಂದು ಹಾಡಿದ ಕವಿಯೇ ತನ್ನಲ್ಲಿ ಉಳಿದ ಭಯವನ್ನು ಬಚ್ಚಿಡಲಿಲ್ಲ. ಮೆಟ್ಟಿಲಿನಿಂದ ಉರುಳಿದ ತರುಣನಿಗೆ ಭಯವೇ ಒಡೆಯನಾಗಿತ್ತು. ಗ್ರಂಥ ಬರೆದ ಹಿರಿಯನಿಗೆ ಅದು ಬಂದು ಹೋಗುವ ಕರ್ಮೋದಯವಾಗಿ ಕಂಡಿತು. ಈ ಅರಿವಿನಲ್ಲೇ ಅವರ ಶಾಂತಿಯಿದೆ.

ನೂತನವಾಗಿ ಪ್ರತಿಷ್ಠಿತನಾದ ಜಿನನ ಮುಂದೆ ಕೈಮುಗಿದು ನಿಲ್ಲುವ ಭವ್ಯರೂ ತಂತಮ್ಮ ಚಿಂತೆಗಳನ್ನು ಹೊತ್ತೇ ಬರುತ್ತಾರೆ. ಬಿಂಬದರ್ಶನ ವ್ಯವಹಾರ, ಅಲ್ಲಿ ನಿಂತು ಚಿಂತಿಸುವ ಮನವನ್ನೇ ನೋಡುವ ಆತ್ಮದರ್ಶನ ನಿಶ್ಚಯ. ಎರಡೂ ಒಂದೇ ಬಸದಿಯಲ್ಲಿ ಕೂಡಬಲ್ಲವೆಂಬುದಕ್ಕೆ ಬನಾರಸೀದಾಸರ ಬಾಳೇ ಸಾಕ್ಷಿ.