ಗಡಿಪಾರಾದ ಕವಿ ದಿನಕರ ದೇಸಾಯಿ

ಚುಟುಕು ಬ್ರಹ್ಮ ಎಂದೇ ಕನ್ನಡಿಗರ ಮನೆಮಾತಾದ ದಿನಕರ ದೇಸಾಯಿ ಅವರನ್ನು ನಾವು ಹೆಚ್ಚಾಗಿ ನೆನೆಯುವುದು ಅವರ ನಾಲ್ಕು ಸಾಲಿನ ಚೌಪದಿಗಳಿಗಾಗಿ. ಆದರೆ ಅದೇ ಕವಿಯನ್ನು ಬ್ರಿಟಿಷ್ ಸರಕಾರ ಸ್ವಂತ ಜಿಲ್ಲೆಯಿಂದಲೇ ಹೊರಗಿಟ್ಟಿತ್ತೆಂಬ ಸಂಗತಿ ಇಂದಿನ ಓದುಗರಲ್ಲಿ ಹಲವರಿಗೆ ತಿಳಿದಿರಲಾರದು.

1909ರ ಸೆಪ್ಟೆಂಬರ್ 10ರಂದು ಅಂಕೋಲಾ ತಾಲ್ಲೂಕಿನಲ್ಲಿ ಜನಿಸಿದ ದೇಸಾಯಿ ಅವರು ಬೆಳೆದದ್ದು ಹೋರಾಟದ ನೆಲದಲ್ಲಿ. 1930ರ ಉಪ್ಪಿನ ಸತ್ಯಾಗ್ರಹ, 1932ರ ಕರನಿರಾಕರಣೆ ಚಳವಳಿಗಳಿಂದ ಅಂಕೋಲಾ ನಾಡಿನ ಗಮನ ಸೆಳೆದಿತ್ತು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು ಸೇರಿದ ಅವರು ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದರು. ತವರಿನಲ್ಲಿ ಗೇಣಿದಾರರ ಪರ ನಿಂತರು. ಜಮೀನುದಾರರಿಗೆ ಗೇಣಿ ಅಳೆದು ಬರಿಗೈಯಾಗುತ್ತಿದ್ದ ಹಾಲಕ್ಕಿ ಒಕ್ಕಲಿಗರಂಥ ಬಡ ರೈತರಿಗೆ ರೈತಕೂಟ ದನಿಯಾಯಿತು.

ಈ ಸಂಘಟನೆಯನ್ನು ಸರಕಾರ ಸಹಿಸಲಿಲ್ಲ. 1940ರಲ್ಲಿ ಅವರನ್ನು ಐದು ವರ್ಷಗಳ ಕಾಲ ಜಿಲ್ಲೆಯಿಂದ ಗಡಿಪಾರು ಮಾಡಿತು. ಆಗ ತಿಪಟೂರಿನಂಥ ಊರುಗಳು ಮೈಸೂರು ಸಂಸ್ಥಾನದಲ್ಲಿದ್ದರೆ, ಅಂಕೋಲಾ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹಂಚಿಹೋಗಿದ್ದ ಕನ್ನಡನಾಡಿನ ಈ ಕವಿಗೆ ತನ್ನ ಊರೇ ಪರನಾಡಾಯಿತು.

ಪೋಲೆಂಡಿನ ಕವಿ ಆಡಮ್ ಮಿತ್ಸ್ಕೆವಿಚ್ 1824ರಲ್ಲಿ ರಷ್ಯಾ ಆಡಳಿತದ ಆಜ್ಞೆಯಿಂದ ನಾಡು ತೊರೆದು, ಹೊರಗಿನಿಂದಲೇ ಸ್ವಾತಂತ್ರ್ಯಕ್ಕಾಗಿ ಹೆಣಗಿ, 1855ರಲ್ಲಿ ಇಸ್ತಾಂಬುಲ್‌ನಲ್ಲಿ ಕಣ್ಣುಮುಚ್ಚಿದರು. ದೇಸಾಯಿ ಅವರಿಗಾದರೋ ತವರಿಗೆ ಮರಳುವ ಭಾಗ್ಯವಿತ್ತು.

ಸ್ವಾತಂತ್ರ್ಯಾನಂತರ ಅವರು ಶಿಕ್ಷಣದತ್ತ ಮುಖಮಾಡಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಯ ಮಕ್ಕಳಿಗೆ ಶಾಲೆಗಳನ್ನು ತೆರೆದರು. 1966ರಲ್ಲಿ ಅಂಕೋಲಾದಲ್ಲಿ ಗೋಖಲೆ ಶತಾಬ್ದಿ ಕಾಲೇಜು ಆರಂಭವಾಯಿತು. 1955ರಲ್ಲಿ ಆರಂಭಿಸಿದ 'ಜನಸೇವಕ' ವಾರಪತ್ರಿಕೆ ಅವರ ವಿಚಾರಗಳಿಗೆ ವೇದಿಕೆಯಾಯಿತು. 1967ರಲ್ಲಿ ಜಿಲ್ಲೆಯ ಮತದಾರರು ಅವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳುಹಿಸಿದರು. ಯಾವ ಜಿಲ್ಲೆಗೆ ಕಾಲಿಡಬಾರದೆಂದು ಆಜ್ಞೆಯಾಗಿತ್ತೋ, ಅದೇ ಜಿಲ್ಲೆಯ ಪ್ರತಿನಿಧಿಯಾಗಿ ಅವರು ಸಂಸತ್ತನ್ನು ಪ್ರವೇಶಿಸಿದರು.

1982ರ ನವೆಂಬರ್ 6ರಂದು ದೇಸಾಯಿ ನಿಧನರಾದರು. ರಾಜಕಾರಣಿಯ ಸೋಗು, ಉಳ್ಳವರ ಲೋಭಗಳನ್ನು ನಗುನಗುತ್ತಲೇ ಚುಚ್ಚಿದ ಅವರ ಚೌಪದಿಗಳ ಹಿಂದೆ, ಬಡವರ ಪರ ನಿಂತದ್ದಕ್ಕೆ ತವರನ್ನೇ ತೆತ್ತ ಬಾಳಿನ ಅನುಭವವಿದೆ. ಅದನ್ನರಿತು ಓದಿದಾಗ ಆ ನಗೆಯ ಮೊನಚು ಇನ್ನಷ್ಟು ತಾಗುತ್ತದೆ.