ಆಟದ ಭಾಷೆ ಕಲಿತ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್

ಮಕ್ಕಳೇ, ಹೊಟ್ಟೆ ನೋವೆಂದು ಆಸ್ಪತ್ರೆಗೆ ಹೋದರೆ ಡಾಕ್ಟರು ಎಲ್ಲಿ ನೋವು ಎಂದು ಕೇಳುತ್ತಾರೆ. ನೀವು ಆ ಜಾಗವನ್ನು ಮುಟ್ಟಿ ತೋರಿಸುತ್ತೀರಿ. ಆದರೆ ನೋವು ಮನಸ್ಸಿನಲ್ಲಿದ್ದರೆ? ಅದನ್ನು ಹೇಳಲು ಮಾತೇ ಸಿಗದಿದ್ದರೆ? ಅಂಥ ಮಕ್ಕಳು ಮಾತಿಲ್ಲದೆಯೇ ತಮ್ಮ ಮನಸ್ಸನ್ನು ತೋರಿಸಲು ದಾರಿ ಕಂಡುಹಿಡಿದವರು ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್.

ಬಾಲ್ಯ ಮತ್ತು ಓದು

ಮಾರ್ಗರೆಟ್ 1890ರಲ್ಲಿ ಇಂಗ್ಲೆಂಡಿನ ಲಂಡನ್ ನಗರದಲ್ಲಿ ಹುಟ್ಟಿದರು. ಅವರ ತಂದೆ ಪೋಲೆಂಡ್ ಮೂಲದ ಶ್ರೀಮಂತ ವ್ಯಾಪಾರಿ. ಮನೆಯಲ್ಲಿ ಹಣಕ್ಕೆ ಕೊರತೆಯಿರಲಿಲ್ಲ, ಆದರೆ ನೆಮ್ಮದಿಯಿರಲಿಲ್ಲ. ಮಾರ್ಗರೆಟ್ ಆಗಾಗ ಕಾಯಿಲೆ ಬೀಳುತ್ತಿದ್ದರು. ಅವರು ಇನ್ನೂ ಚಿಕ್ಕವರಿದ್ದಾಗಲೇ ತಂದೆ ತಾಯಿ ಬೇರೆಯಾದರು. ದೊಡ್ಡವರಾದ ಮೇಲೆ ಅಕ್ಕ ಹೆಲೆನಾ ಅವರಂತೆ ಮಾರ್ಗರೆಟ್ ಕೂಡ ವೈದ್ಯಶಾಸ್ತ್ರ ಓದಿ 1918ರಲ್ಲಿ ವೈದ್ಯೆಯಾದರು.

ಕಾಡಿದ ಪ್ರಶ್ನೆ

ಮೊದಲನೆಯ ಮಹಾಯುದ್ಧ ಮುಗಿದಿತ್ತು. ಆದರೆ ಪೋಲೆಂಡಿಗೂ ರಷ್ಯಾಕ್ಕೂ ಮತ್ತೆ ಯುದ್ಧ ಹತ್ತಿಕೊಂಡಿತು. ಪೋಲೆಂಡಿನಲ್ಲಿ ಎಲ್ಲೆಲ್ಲೂ ಹಸಿವು, ಟೈಫಸ್ ಜ್ವರ. ಮಾರ್ಗರೆಟ್ ಅಲ್ಲಿಗೆ ಹೋಗಿ ನೊಂದವರ ಸೇವೆಗೆ ನಿಂತರು. ಒಂದೇ ಬಗೆಯ ಕಷ್ಟ ಕಂಡ ಮಕ್ಕಳಲ್ಲಿ ಕೆಲವರು ಬಾಡಿಹೋಗುತ್ತಿದ್ದರು, ಇನ್ನು ಕೆಲವರು ಚೇತರಿಸಿಕೊಳ್ಳುತ್ತಿದ್ದರು. ಇದು ಏಕೆ ಹೀಗೆ? ಈ ಪ್ರಶ್ನೆ ಅವರ ಮನಸ್ಸಿನಲ್ಲಿ ಉಳಿಯಿತು. ಲಂಡನ್ನಿಗೆ ಮರಳಿದ ಮೇಲೆ ಮಕ್ಕಳ ಮನಸ್ಸಿನ ಅಧ್ಯಯನದಲ್ಲಿ ತೊಡಗಿದರು.

ಮರಳಿನಲ್ಲಿ ಒಂದು ಪ್ರಪಂಚ

1928ರಲ್ಲಿ ಅವರು ಲಂಡನ್ನಿನಲ್ಲಿ ಮಕ್ಕಳಿಗಾಗಿ ಒಂದು ಚಿಕಿತ್ಸಾಲಯ ತೆರೆದರು. ತುಂಬ ಹೆದರುವ ಮಕ್ಕಳು, ಹಟಮಾರಿಗಳು ಎನಿಸಿಕೊಂಡ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಇಂಥವರನ್ನು ಗದರಿಸಿ ತಿದ್ದಬೇಕೆಂದು ಅನೇಕರು ನಂಬಿದ್ದ ಕಾಲ ಅದು. ಮಾರ್ಗರೆಟ್ ಗದರಿಸಲಿಲ್ಲ, ಪ್ರಶ್ನೆಗಳ ಮಳೆಯನ್ನೂ ಸುರಿಸಲಿಲ್ಲ. ಆಟದ ಸಾಮಾನು ಕೊಟ್ಟರು.

ಲೇಖಕ ಎಚ್. ಜಿ. ವೆಲ್ಸ್ ತಮ್ಮ ಗಂಡುಮಕ್ಕಳೊಡನೆ ಮನೆಯ ನೆಲದ ಮೇಲೆ ಪುಟ್ಟ ಬೊಂಬೆಗಳಿಂದ ಊರು ಕಟ್ಟಿ ಆಡುತ್ತಿದ್ದರು. ಆ ಆಟಗಳ ಬಗ್ಗೆ 1911ರಲ್ಲಿ ಒಂದು ಪುಸ್ತಕವನ್ನೂ ಬರೆದಿದ್ದರು. ಮಾರ್ಗರೆಟ್‌ಗೆ ಅದು ನೆನಪಿತ್ತು. ಅವರು ಪುಟ್ಟ ಮನುಷ್ಯರು, ಪ್ರಾಣಿಗಳು, ಮನೆ, ಮರ, ಬೇಲಿ, ಬಂಡಿ ಮುಂತಾದ ಆಟಿಕೆಗಳನ್ನು ಕೂಡಿಸಿಟ್ಟರು. ಜೊತೆಗೆ ತಗಡಿನ ಅಗಲವಾದ ತಟ್ಟೆಗಳಲ್ಲಿ ಮರಳು ತುಂಬಿಟ್ಟು, ಪಕ್ಕದಲ್ಲಿ ನೀರು ಇರಿಸಿದರು. ಆಟಿಕೆಗಳನ್ನು ಮರಳಿನಲ್ಲಿ ಜೋಡಿಸಿ ಎಂದು ಯಾರೂ ಹೇಳಲಿಲ್ಲ. ಮಕ್ಕಳೇ ಜೋಡಿಸಿದರು! ಅದಕ್ಕೆ ಪ್ರಪಂಚ ಎಂದು ಹೆಸರಿಟ್ಟವರೂ ಅವರೇ. ಮುಂದೆ ಈ ವಿಧಾನಕ್ಕೆ ಅದೇ ಹೆಸರು ಉಳಿಯಿತು.

ಈ ಪ್ರಪಂಚದಲ್ಲಿ ಸರಿ ತಪ್ಪು ಎಂಬುದಿಲ್ಲ. ಮರ ಮನೆಯ ಮೇಲೆ ನಿಲ್ಲಬಹುದು, ಹುಲಿ ಹಸುವಿನ ಪಕ್ಕ ಮಲಗಬಹುದು. ಒಂದು ಮಗು ಪುಟ್ಟ ಹುಡುಗನ ಸುತ್ತ ನಾಲ್ಕು ಸಾಲು ಬೇಲಿ ಹಾಕಿತೆನ್ನಿ. ಹುಡುಗನಿಗೆ ಭಯವೇ? ಅಥವಾ ಅವನನ್ನು ಕೂಡಿಹಾಕಿದ್ದಾರೆಯೇ? ನೋಡುವವರು ತಾವೇ ಅರ್ಥ ಕಟ್ಟಬಾರದು, ಮಗುವಿನಿಂದಲೇ ತಿಳಿಯಬೇಕು ಎಂಬುದು ಮಾರ್ಗರೆಟ್ ಅವರ ನಿಲುವು. ಪ್ರತಿ ಪ್ರಪಂಚದ ಚಿತ್ರ ಬರೆದಿಡುತ್ತಿದ್ದರು. ಹಿಂದಿನದಕ್ಕೂ ಇಂದಿನದಕ್ಕೂ ಏನು ಬದಲಾಗಿದೆ ಎಂದು ಹೋಲಿಸುತ್ತಿದ್ದರು. ಗಮನವಿಟ್ಟು ನೋಡುವುದು, ದಾಖಲಿಸುವುದು, ಅವಸರದಲ್ಲಿ ತೀರ್ಮಾನಕ್ಕೆ ಬಾರದಿರುವುದು ವಿಜ್ಞಾನದ ದಾರಿಯಲ್ಲವೇ?

ಶಾಲೆಗೆ ಬಂದ ಆಟ

ಬೆಳೆಯುವ ಮಗುವಿಗೆ ಆಟ ಕಾಲಹರಣವಲ್ಲ, ಅದು ಅಗತ್ಯ ಎಂದು 1935ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ವಾದಿಸಿದರು. ಲೆಕ್ಕ ಕಲಿಯಲು ನೆರವಾಗುವ ಬಣ್ಣದ ಮರದ ತುಂಡುಗಳನ್ನೂ ರೂಪಿಸಿದರು. ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ ಎಂಬವರು ಮಾರ್ಗರೆಟ್ ಅವರಿಂದ ಕಲಿತು, ಮರಳಿನ ಆಟದ ಚಿಕಿತ್ಸೆಯನ್ನು ಬೇರೆ ದೇಶಗಳಿಗೂ ಹಬ್ಬಿಸಿದರು. ಮಾರ್ಗರೆಟ್ 1973ರಲ್ಲಿ ತೀರಿಕೊಂಡರು.

ಇಂದು ಇಂಗ್ಲೆಂಡಿನ ಹಲವು ಪ್ರಾಥಮಿಕ ಶಾಲೆಗಳಲ್ಲಿ ಆಟದ ಚಿಕಿತ್ಸೆ ಸಿಗುತ್ತದೆ. ಮನೆಯಲ್ಲಿ ಸಾವು ಕಂಡ ಮಗು, ಜಗಳಗಳಿಂದ ನೊಂದ ಮಗು, ತರಬೇತಿ ಪಡೆದವರ ಜೊತೆ ವಾರಕ್ಕೊಮ್ಮೆ ಕುಳಿತು ಆಡುತ್ತದೆ. ಅಲ್ಲಿ ಮರಳು, ಬೊಂಬೆ, ಬಣ್ಣ, ಜೇಡಿಮಣ್ಣು ಇರುತ್ತವೆ. ಅಲ್ಲಿ ಅಂಕಗಳಿಲ್ಲ, ಪರೀಕ್ಷೆಯೂ ಇಲ್ಲ.

ನಿಮ್ಮ ತರಗತಿಯಲ್ಲೂ ಯಾರೊಂದಿಗೂ ಸೇರದೆ ಸುಮ್ಮನೆ ಕೂರುವ ಗೆಳೆಯರು ಇರಬಹುದು. ಅವರನ್ನು ಅಣಕಿಸಬೇಡಿ. ಆಟಕ್ಕೆ ಕರೆಯಿರಿ, ಬರದಿದ್ದರೆ ನಿಮ್ಮ ಶಿಕ್ಷಕರಿಗೆ ತಿಳಿಸಿ.